ಮನೆಯಲ್ಲೊಂದು ವಾಲ್ವ್ ಆಂಪ್ಲಿಫೈಯರ್ ಸಾಕುವುದೆಂದರೆ...

"ಪಿ.ಬಿ. ಶ್ರೀನಿವಾಸ್ ದನೀನ ವಾಲ್ವ್ ಸೆಟ್ಟಿನಲ್ಲೇ ಕೇಳಬೇಕು ಸ್ವಾಮೀ... ಆ ಸೊಗಸೇ ಬೇರೆ!"

ಈ ಮಾತನ್ನು ನೀವೂ ಕೇಳಿರ್ತೀರಿ. ಇತ್ತೀಚೆಗಂತೂ ಗ್ರಾಮಫೋನ್ ತಟ್ಟೆಗಳಿಗೆ ಮತ್ತೆ ಶುಕ್ರದೆಸೆ ಬಂದಿದೆ. ಮೀಸೆ ಚಿಗುರದ ಹುಡುಗರು ಕೂಡ ಹಳೇ ಎಲ್ಪಿ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುತ್ತಾರೆ. ತಟ್ಟೆ ಸಿಕ್ಕಿತು, ತಿರುಗಿಸುವ ಪ್ಲೇಯರ್ ಸಿಕ್ಕಿತು, ಇನ್ನೇನು ಬೇಕು? ವಾಲ್ವ್ ಆಂಪ್ಲಿಫೈಯರ್! ಹಾಗಂತ ನನ್ನ ಮನೆ ಬಾಗಿಲಿಗೆ ಬರುವವರು ತಿಂಗಳಿಗೆ ಒಬ್ಬಿಬ್ಬರಾದರೂ ಉಂಟು. "ಅಂಕಲ್, ನಿಮ್ಮ ಹತ್ರ ಇದೆಯಂತಲ್ಲ, ನಾವೂ ಒಂದು ತಗೋಬೇಕು ಅಂತಿದೀವಿ, ಹೇಗಿರುತ್ತೆ?" ಅಂತ ಕೇಳ್ತಾರೆ.

ಹೇಗಿರುತ್ತೆ ಅನ್ನೋದನ್ನ ಇಲ್ಲಿ ಬರೀತಾ ಇದ್ದೀನಿ. ಸೊಗಸಿನ ಮಾತು ಹೇಳೋಕೆ ನೂರು ಜನ ಇದ್ದಾರೆ. ಕಷ್ಟದ ಮಾತು ಹೇಳೋಕೆ ಒಬ್ಬನಾದರೂ ಬೇಡವೇ?

ನನ್ನ ಹತ್ತಿರ ಇರುವುದು ಯಾವ ಕಂಪನಿಯ ಮಾಲೂ ಅಲ್ಲ. ಮೈಸೂರಿನ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರು 16 ವರ್ಷದ ಹಿಂದೆ ತಮ್ಮ ಕೈಯಾರೆ ಕಟ್ಟಿಕೊಟ್ಟದ್ದು. ಕಬ್ಬಿಣದ ಚಾಸಿ, ಅದರ ಬೆನ್ನ ಮೇಲೆ ಮೂರು ಟ್ರಾನ್ಸ್‌ಫಾರ್ಮರು, ಮುಂದೆ ಸಾಲಾಗಿ ನಿಂತ ನಾಲ್ಕು ಇಎಲ್ 34 ವಾಲ್ವು, ಅವುಗಳ ಮಗ್ಗುಲಲ್ಲಿ ಪುಟ್ಟ ಪುಟ್ಟ ಇಸಿಸಿ 83ಗಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ವಿಚ್ ಒತ್ತಿದರೆ ಅರ್ಧ ನಿಮಿಷದಲ್ಲಿ ನಾಲ್ಕು ಗಾಜಿನ ಬುಡ್ಡಿಗಳೊಳಗೆ ಕಿತ್ತಳೆ ಬಣ್ಣದ ಕುಡಿ ಮೂಡುತ್ತೆ. ಚೆಂದವೋ ಚೆಂದ! ತಾರೆಯರ ಮುಖಕ್ಕೆ ಕ್ಯಾಮೆರಾದವರು ಬಿಡುವ ಬೆಳಕಿನ ಹಾಗೆ! ಅಲ್ಲಿಗೆ ಸೊಗಸಿನ ಕಥೆ ಮುಗೀತು. ಇನ್ನು ಸಂಸಾರದ ಕಥೆ.

ಹಿಂದಿನ ಕಥೆ ಒಂದಿಷ್ಟು

ವಾಲ್ವ್ ಅಂದರೆ ತೂಬು ಅಂತಲೇ ಅರ್ಥ. ಗಾಳಿ ತೆಗೆದ ಗಾಜಿನ ಬುಡ್ಡಿ. ಒಳಗೊಂದು ತಂತಿ ಕಾದು ಕೆಂಪಾಗುತ್ತೆ. ಅದರ ಕಾವಿಗೆ ಎಲೆಕ್ಟ್ರಾನುಗಳು ಹಾರಿ ಹೊರಗೆ ಬರುತ್ತವೆ. ಎದುರಿಗಿರುವ ಲೋಹದ ಪ್ಲೇಟಿಗೆ ನೂರಾರು ವೋಲ್ಟ್ ಕೊಟ್ಟರೆ ಅವೆಲ್ಲ ಅತ್ತ ಓಡುತ್ತವೆ. ನಡುವೆ ಒಂದು ಜಾಲರಿ, ಗ್ರಿಡ್ ಅಂತಾರೆ. ಹಾಡಿನ ಸಣ್ಣ ವಿದ್ಯುತ್ತನ್ನು ಆ ಜಾಲರಿಗೆ ಕೊಟ್ಟರೆ, ಕಾಲುವೆಯ ತೂಬನ್ನು ಒಂದು ಬೆರಳಷ್ಟು ಎತ್ತಿ ಇಳಿಸಿದಾಗ ನೀರು ಹೆಚ್ಚು ಕಡಿಮೆ ಆಗುವ ಹಾಗೆ, ದೊಡ್ಡ ಪ್ರವಾಹ ಅದರ ತಾಳಕ್ಕೆ ಕುಣಿಯುತ್ತೆ. ಇಷ್ಟೇ ಗುಟ್ಟು.

ಇಂಗ್ಲೆಂಡಿನ ಫ್ಲೆಮಿಂಗ್ 1904ರಲ್ಲಿ ಮೊದಲ ವಾಲ್ವ್ ಮಾಡಿದ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಅದಕ್ಕೆ ಆ ಜಾಲರಿ ಸೇರಿಸಿದ. ಅದಿಲ್ಲದೆ ಹೋಗಿದ್ದರೆ ನಮ್ಮ ಸಿನಿಮಾಕ್ಕೆ ಬಾಯೇ ಬರ್ತಿರಲಿಲ್ಲ ನೋಡಿ! 1931ರ 'ಆಲಂ ಆರಾ', 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ', ಎಲ್ಲವೂ ಥಿಯೇಟರಿನಲ್ಲಿ ಮಾತಾಡಿದ್ದು ವಾಲ್ವಿನ ಬಾಯಿಂದಲೇ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಶುರುಮಾಡಿದಾಗಲೂ ಅಷ್ಟೇ. ಟ್ರಾನ್ಸಿಸ್ಟರ್ ಹುಟ್ಟಿದ್ದೇ 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅಲ್ಲೀವರೆಗೆ ಬೇರೆ ದಾರಿಯೇ ಇರಲಿಲ್ಲ.

ನಮ್ಮ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದ್ದು 1954ರಲ್ಲಿ. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರುವಾಯಿತು. ಮರು ವರ್ಷವೇ, 1962ರಲ್ಲಿ, ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆಯೂ ಶುರು! ಹಿರಿಯಣ್ಣನ ತೊಟ್ಟಿಲು ಕಟ್ಟಿದ ಮರು ವರ್ಷವೇ ಅವನ ಆಸ್ತಿ ಕಿತ್ತುಕೊಳ್ಳುವ ತಮ್ಮನೂ ಅದೇ ಮನೆಯಲ್ಲಿ ಹುಟ್ಟಿದ ಹಾಗೆ. ತಮ್ಮ ಗೆದ್ದ. ಕಾರಣ ಏನು ಅಂತ ಮುಂದೆ ಓದಿ, ನಿಮಗೇ ತಿಳಿಯುತ್ತೆ.

ಹಾಡಿಗೆ ಮೊದಲು ಬೆವರು

ಒಂದು ಇಎಲ್ 34ರ ತಂತಿ ಕಾಯಿಸೋದಕ್ಕೆ 6.3 ವೋಲ್ಟಿನಲ್ಲಿ ಒಂದೂವರೆ ಆಂಪಿಯರ್ ಬೇಕು. ಅಂದರೆ ಒಂಬತ್ತೂವರೆ ವ್ಯಾಟ್. ನಾಲ್ಕಕ್ಕೆ 38 ವ್ಯಾಟ್. ಇನ್ನೂ ಹಾಡಿನ ಒಂದಕ್ಷರ ಹೊರಬಿದ್ದಿಲ್ಲ, ಬರೀ ಒಲೆ ಹಚ್ಚಿದ್ದಕ್ಕೆ ಇಷ್ಟು! ಅದರ ಮೇಲೆ ಪ್ಲೇಟಿನ ಕರೆಂಟು, ಸಣ್ಣ ವಾಲ್ವುಗಳು, ಟ್ರಾನ್ಸ್‌ಫಾರ್ಮರ್ ತಿನ್ನುವ ಕಾಣಿಕೆ. ಎಲ್ಲ ಸೇರಿ ನನ್ನ ಪೆಟ್ಟಿಗೆ ಗೋಡೆಯಿಂದ ಎಳೆಯೋದು ಸುಮಾರು 150 ವ್ಯಾಟ್. ಹಾಡು ಜೋರಾಗಿರಲಿ, ಮೆಲ್ಲಗಿರಲಿ, ಹಾಡೇ ಇಲ್ಲದೆ ಸುಮ್ಮನಿರಲಿ, ಹೆಚ್ಚು ಕಡಿಮೆ ಅಷ್ಟೇ ಎಳೆಯುತ್ತೆ. ದಿನಕ್ಕೆ ಮೂರು ಗಂಟೆ ಅಂದರೆ ತಿಂಗಳಿಗೆ ಹದಿಮೂರೂವರೆ ಯೂನಿಟ್.

2023ರಲ್ಲಿ ಗೃಹಜ್ಯೋತಿ ಶುರುವಾದಾಗ, ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡಾ 10 ಹೆಚ್ಚಿಗೆ ಕೊಡ್ತೀವಿ ಅಂದರು ನೋಡಿ, ಆ ಹತ್ತು ಯಾರ ಪಾಲಿಗೆ ಅಂತ ನಮ್ಮನೇಲಿ ದೊಡ್ಡ ಪಂಚಾಯ್ತಿ ಆಯ್ತು. "ರೀ, ಅದು ನನ್ನ ಗ್ರೈಂಡರಿಗೆ. ನಿಮ್ಮ ಒಲೆಗಲ್ಲ" ಅಂದಳು ನನ್ನಾಕೆ. ಅವಳು ಅದನ್ನು ಆಂಪ್ಲಿಫೈಯರ್ ಅಂತ ಒಂದು ದಿನವೂ ಕರೆದಿಲ್ಲ. ಒಲೆ ಅಂತಲೇ ಕರೆಯೋದು.

ಅವಳ ಮಾತು ಸುಳ್ಳೇನಲ್ಲ. ಆ 150 ವ್ಯಾಟಿನಲ್ಲಿ ಹಾಡಾಗಿ ಸ್ಪೀಕರಿಗೆ ಹೋಗೋದು ಸಾಧಾರಣವಾಗಿ ಒಂದೋ ಎರಡೋ ವ್ಯಾಟ್. ಉಳಿದದ್ದೆಲ್ಲ ಕೋಣೆಯ ಗಾಳಿಗೆ ಬಿಸಿ. ವಾಲ್ವಿನ ಗಾಜು 200 ಡಿಗ್ರಿ ಮುಟ್ಟುವುದುಂಟು. ಡಿಸೆಂಬರ್ ತಿಂಗಳಲ್ಲಿ ಪರವಾಗಿಲ್ಲ, ಪಕ್ಕದಲ್ಲೇ ಕೂತು ಕೈ ಕಾಯಿಸಿಕೊಳ್ಳಬಹುದು. ಏಪ್ರಿಲಿನಲ್ಲಿ? ಫ್ಯಾನ್ ಹಾಕಬೇಕು. ಫ್ಯಾನ್ ಹಾಕಿದರೆ ಅದರ ಸದ್ದು ಹಾಡಿನ ಜೊತೆ ಬೆರೆಯುತ್ತೆ. ಫ್ಯಾನ್ ಆರಿಸಿದರೆ ಎಸ್. ಜಾನಕಿಯವರು ಹಾಡ್ತಾರೆ, ನಾವು ಬೆವರ್ತೀವಿ!

ಮಳೆಗಾಲದಲ್ಲಿ ಇನ್ನೊಂದು ಅತಿಥಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಬರುತ್ತೆ. ಬಂದ ಹಲ್ಲಿ ಒಳಗಿನ ಎರಡು ತಂತಿ ಒಟ್ಟಿಗೆ ಮುಟ್ಟಿತೋ, ಅದರ ಜೊತೆಗೆ ಫ್ಯೂಸೂ ಪರಲೋಕಕ್ಕೆ. ಆದ್ದರಿಂದ ತಳದ ತೂತುಗಳಿಗೆಲ್ಲ ಸೊಳ್ಳೆಪರದೆ ತಂತಿ ಹೊಡೆಸಿದ್ದೇನೆ.

ಇಪ್ಪತ್ತು ಕಿಲೋ ಹೊತ್ತು ಹತ್ತು ವ್ಯಾಟ್

ತೂಕದ ಮಾತು. ವಾಲ್ವು ಹಗುರವೇ. ಆದರೆ ವಾಲ್ವಿನಿಂದ ಬರುವ ಹೆಚ್ಚು ವೋಲ್ಟಿನ ಸಣ್ಣ ಕರೆಂಟು ನೇರವಾಗಿ ಸ್ಪೀಕರಿಗೆ ಒಗ್ಗೋದಿಲ್ಲ. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ದಲ್ಲಾಳಿ ಬೇಕು. ಎರಡು ಸ್ಪೀಕರಿಗೆ ಎರಡು, ಕರೆಂಟಿಗೆ ಇನ್ನೊಂದು. ಬರೀ ಕಬ್ಬಿಣ, ತಾಮ್ರ. ನನ್ನದು 20 ಕಿಲೋ ದಾಟುತ್ತೆ. ಧೂಳು ಹೊಡೆಯೋಕೆ ಪಕ್ಕಕ್ಕೆ ಸರಿಸಬೇಕೆಂದರೆ ಇಬ್ಬರು ಬೇಕು. ಮನೆ ಬದಲಾಯಿಸಿದಾಗ ಬೀರುವಿಗಿಂತ ಇದರ ಚಿಂತೆಯೇ ಹೆಚ್ಚಾಗಿತ್ತು.

ಈ ದಲ್ಲಾಳಿಗೆ ಒಂದು ಸಿಟ್ಟಿನ ಸ್ವಭಾವ ಬೇರೆ. ಸ್ಪೀಕರ್ ತಂತಿ ಕಿತ್ತುಹೋಗಿದ್ದಾಗ ಜೋರಾಗಿ ಹಾಡು ಹಾಕಿದಿರೋ, ಹೊರಗೆ ಹೋಗಲು ದಾರಿ ಕಾಣದ ವಿದ್ಯುತ್ತು ಸುರುಳಿಯೊಳಗೇ ಎಗರಿ ಒಳಗಿನ ನಿರೋಧಕ ಸುಟ್ಟುಬಿಡಬಹುದು. ಟ್ರಾನ್ಸಿಸ್ಟರ್ ಸೆಟ್ಟಿನಲ್ಲಿ ಸ್ಪೀಕರ್ ತಂತಿ ಒಂದಕ್ಕೊಂದು ತಾಗಬಾರದು ಅಂತ ಭಯ. ಇಲ್ಲಿ ತಂತಿ ಬಿಟ್ಟುಹೋಗಬಾರದು ಅಂತ ಭಯ! ಒಂದು ಮನೆಯ ಸೊಸೆಗೆ ಹೇಳಿದ ಬುದ್ಧಿ ಇನ್ನೊಂದು ಮನೆಯ ಸೊಸೆಗೆ ನಡೆಯೋದಿಲ್ಲ.

ಇಷ್ಟು ಹೊತ್ತುಕೊಂಡರೂ ಬಲ ಎಷ್ಟು? ನನ್ನದು ಜೋಡಿ ವಾಲ್ವಿನದಾದ್ದರಿಂದ ಒಂದೊಂದು ಕಡೆಗೆ ಮೂವತ್ತು ಚಿಲ್ಲರೆ ವ್ಯಾಟ್ ಸಿಗುತ್ತೆ. ಹುಡುಗರು ಇಂಟರ್ನೆಟ್ಟಿನಲ್ಲಿ ನೋಡಿ ಬಾಯಿ ಬಿಡುವ 300ಬಿ ಇದೆಯಲ್ಲ, ಒಂಟಿ ವಾಲ್ವಿನದು, ಅದರಿಂದ ಬರೋದು ಸುಮಾರು 8 ವ್ಯಾಟ್. "ಹಿಂದೆ ಅಷ್ಟರಲ್ಲೇ ಥಿಯೇಟರ್ ತುಂಬಿಸ್ತಿದ್ದರಲ್ಲ?" ಅಂತ ಕೇಳ್ತಾರೆ. ಹೌದಪ್ಪಾ, ತುಂಬಿಸ್ತಿದ್ದರು. ಆದರೆ ಪರದೆಯ ಹಿಂದೆ ಆಳೆತ್ತರದ ಹಾರ್ನ್ ಸ್ಪೀಕರ್ ಇರ್ತಿತ್ತು. ಅವು ಒಂದು ವ್ಯಾಟ್ ಕೊಟ್ಟರೆ ಊರೆಲ್ಲ ಕೇಳುವ ಹಾಗೆ ಕೂಗುವ ಜಾತಿ. ಟೂರಿಂಗ್ ಟಾಕೀಸಿನ ಹಾಡು ಪಕ್ಕದ ಹಳ್ಳಿಗೆ ಕೇಳಿಸ್ತಿದ್ದುದೂ ಹಾರ್ನಿನ ಪ್ರತಾಪದಿಂದಲೇ.

ಈಗಿನ ಚಿಕ್ಕ ಸ್ಪೀಕರುಗಳು ನೋಡೋಕೆ ಮುದ್ದು, ಕರೆಂಟು ತಿನ್ನೋದರಲ್ಲಿ ಬಕಾಸುರ. ಸ್ಪೀಕರಿನ ಹಿಂದೆ ಇಷ್ಟು ಡೆಸಿಬಲ್ ಅಂತ ಬರೆದಿರ್ತಾರೆ, ನೋಡಿಕೊಳ್ಳಿ. 94 ಡೆಸಿಬಲ್ಲಿನ ಸ್ಪೀಕರ್ ಒಂದು ವ್ಯಾಟಿನಲ್ಲಿ ಮಾಡುವ ಸದ್ದಿಗೆ 84 ಡೆಸಿಬಲ್ಲಿನದಕ್ಕೆ ಹತ್ತು ವ್ಯಾಟ್ ಬೇಕು. ಹತ್ತು ಪಟ್ಟು! ಅಂದಮೇಲೆ ಎಂಟು ವ್ಯಾಟಿನ ಆಂಪ್ಲಿಫೈಯರ್ ತಂದವರು ಸ್ಪೀಕರನ್ನೂ ಹೊಸದಾಗಿ ತರಬೇಕು, ದೊಡ್ಡದು ತರಬೇಕು, ಅದನ್ನಿಡೋಕೆ ದೊಡ್ಡ ಕೋಣೆಯೂ ಬೇಕು. ಬೆಕ್ಕಿಗೆ ಹಾಲು ಬೇಕು ಅಂತ ಹಸು ಕಟ್ಟಿದ ಸನ್ಯಾಸಿಯ ಕಥೆ ಆಯ್ತಲ್ಲ!

ದಿನಾ ಸಾಯುವ ವಾಲ್ವು

ಟ್ರಾನ್ಸಿಸ್ಟರ್ ಸೆಟ್ಟನ್ನು ಹಾಕಿ ಮರೆತುಬಿಡಬಹುದು. ವಾಲ್ವು ಹಾಗಲ್ಲ. ಉರಿಯುವ ವಸ್ತು ಸವೆಯಲೇಬೇಕು. ನನ್ನ ಅನುಭವದಲ್ಲಿ ದೊಡ್ಡ ವಾಲ್ವುಗಳು ಎರಡು ಸಾವಿರ ಗಂಟೆಯ ಆಸುಪಾಸಿನಲ್ಲಿ ಸುಸ್ತಾಗುತ್ತವೆ. ದಿನಕ್ಕೆ ಮೂರು ಗಂಟೆ ಅಂದರೆ ಎರಡು ವರ್ಷ ಆಯ್ತು. ಸಣ್ಣವು ಗಟ್ಟಿ, ಹೆಚ್ಚು ಕಾಲ ಬಾಳ್ತವೆ. ಸಾಯೋದೂ ಧುತ್ತೆಂದು ಅಲ್ಲ. ಮೊದಲು ಕೆಳಗಿನ ಸ್ವರ ಸಡಿಲವಾಗುತ್ತೆ, ಆಮೇಲೆ ಮೇಲಿನದು ಮಂಕಾಗುತ್ತೆ. ದಿನಾ ಕೇಳುವ ಕಿವಿಗೆ ಗೊತ್ತೇ ಆಗೋದಿಲ್ಲ. ಹೊಸ ವಾಲ್ವ್ ಹಾಕಿದ ದಿನ, 'ಎರಡು ಕನಸು' ಚಿತ್ರಕ್ಕೆ ರಾಜನ್-ನಾಗೇಂದ್ರ ಇಷ್ಟೊಂದು ಪಿಟೀಲು ಇಟ್ಟಿದ್ದರೇ ಅಂತ ಬೆರಗಾಗುತ್ತೆ!

ಬದಲಾಯಿಸೋದು ಬಲ್ಬ್ ಬದಲಾಯಿಸಿದ ಹಾಗೆ ಅಂದುಕೊಳ್ಳಬೇಡಿ. ನಾಲ್ಕೂ ಒಂದೇ ಗುಣದವು ಇರಬೇಕು, ಜಾತಕ ಕೂಡಬೇಕು. ಒಂದು ಹೆಚ್ಚು ಕರೆಂಟು ಎಳೆದು ಇನ್ನೊಂದು ಕಡಿಮೆ ಎಳೆದರೆ ಹೆಚ್ಚು ಎಳೆದದ್ದು ಬೇಗ ಸಾಯುತ್ತೆ. ಅದಕ್ಕೇ 'ಬಯಾಸ್' ಅಂತ ಒಂದು ಲೆಕ್ಕ. ಜಾಲರಿಗೆ ಎಷ್ಟು ಋಣ ವೋಲ್ಟ್ ಕೊಡಬೇಕು ಅನ್ನೋದನ್ನ ಮೀಟರ್ ಹಿಡಿದು, ಸ್ಕ್ರೂ ತಿರುಗಿಸಿ ನಿಗದಿ ಮಾಡಬೇಕು. ವಾಲ್ವ್ ಹಳತಾದ ಹಾಗೆ ಅದು ಜಾರುತ್ತೆ, ಮತ್ತೆ ತಿರುಗಿಸಬೇಕು. ಲೆಕ್ಕ ತಪ್ಪಿ ಕರೆಂಟು ಹೆಚ್ಚಾದರೆ ಒಳಗಿನ ಬೂದು ಪ್ಲೇಟು ಕೆಂಡದ ಹಾಗೆ ಕೆಂಪಾಗುತ್ತೆ. ಕಿತ್ತಳೆ ಕುಡಿ ಒಳಗಿದ್ದರೆ ಮಂಗಳ, ಹೊರಗಿನ ಪ್ಲೇಟು ಕೆಂಪಾದರೆ ಅಮಂಗಳ! ಕೂಡಲೇ ಸ್ವಿಚ್ ಆರಿಸಬೇಕು. ಇನ್ನೊಂದು ಗುರುತು ಹೇಳ್ತೀನಿ. ಗಾಜಿನ ಒಳಗೋಡೆಗೆ ಒಂದು ಕಡೆ ಕನ್ನಡಿಯ ಹಾಗೆ ಬೆಳ್ಳಿ ಬಳಿದಿರುತ್ತೆ. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಅಂತ ಅರ್ಥ. ಅಂಥದ್ದನ್ನು ಯಾರು ಧರ್ಮಕ್ಕೆ ಕೊಟ್ಟರೂ ತಗೋಬೇಡಿ.

ಕೊಳ್ಳೋದು ಎಲ್ಲಿಂದ? ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಎಂದೋ ನಿಂತಿತು. ಹಳೇ ದಾಸ್ತಾನು ಬೆಂಗಳೂರಿನ ಎಸ್.ಪಿ. ರೋಡಿನ ಮೂಲೆಯಲ್ಲಿ ಅದೃಷ್ಟ ಇದ್ದರೆ ಸಿಕ್ಕೀತು. ಅಲ್ಲೂ ಕಣ್ಣು ತೆರೆದಿರಬೇಕು. ಗಾಜಿನ ಮೇಲಿನ ಹೆಸರು ಒರೆಸಿ ಬೇರೆ ದೊಡ್ಡ ಹೆಸರು ಅಚ್ಚು ಹಾಕುವ ಕಲಾವಿದರು ಪ್ರಪಂಚದ ಎಲ್ಲ ಊರಲ್ಲೂ ಇದ್ದಾರೆ. ಹೊಸದು ಬೇಕೆಂದರೆ ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾ ಈ ಮೂರು ದೇಶಗಳ ದಾರಿ ನೋಡಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ರಫ್ತಿಗೆ ತಡೆ ಬಿದ್ದಾಗ ವಾಲ್ವಿನ ಪೇಟೆಯೇ ತಲ್ಲಣಿಸಿತು, ಬೆಲೆ ಏರಿತು. ಅಲ್ಲೆಲ್ಲೋ ಫಿರಂಗಿ ಹಾರಿದರೆ ಮೈಸೂರಿನ ಮನೆಯೊಂದರಲ್ಲಿ 'ಬಂಗಾರದ ಮನುಷ್ಯ'ದ ಹಾಡು ನಿಲ್ಲುವ ಕಾಲ ನೋಡಿ ಇದು!

ನಾನೂರು ವೋಲ್ಟು, ಒಂದು ಮಗು

ಇಷ್ಟು ಹೊತ್ತು ನಗುನಗುತ್ತಾ ಹೇಳಿದೆ. ಈಗ ನಗುವ ಮಾತಲ್ಲ.

ಗೋಡೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟ್. ಈ ಪೆಟ್ಟಿಗೆಯೊಳಗೆ ಇರುವುದು 400ಕ್ಕೂ ಮೇಲೆ, ಅದೂ ಡಿಸಿ. ದೊಡ್ಡ ದೊಡ್ಡ ಕಂಡೆನ್ಸರುಗಳು ಅದನ್ನು ಹೊಟ್ಟೆಯಲ್ಲಿ ತುಂಬಿಕೊಂಡಿರುತ್ತವೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಪಕ್ಕಕ್ಕಿಟ್ಟರೂ ಅದು ತಕ್ಷಣ ಖಾಲಿಯಾಗೋದಿಲ್ಲ. ಸೋರಿಸುವ ರೆಸಿಸ್ಟರ್ ಇಲ್ಲದಿದ್ದರೆ, ಇದ್ದೂ ಸುಟ್ಟುಹೋಗಿದ್ದರೆ, ಬಹಳ ಹೊತ್ತು ಹಾಗೇ ಕಾಯುತ್ತಾ ಕೂತಿರುತ್ತೆ. ಹಳೇ ಮೆಕ್ಯಾನಿಕ್ಕುಗಳು ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಇನ್ನೊಂದರಲ್ಲೇ ಕೆಲಸ ಮಾಡ್ತಿದ್ದರು. ಸ್ಟೈಲಿಗಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಕರೆಂಟು ಹರಿದರೆ ನಡುವೆ ಹೃದಯ ಇದೆ, ಅದಕ್ಕೆ.

ನನ್ನ ಮಗ, ಸೊಸೆ ಬೆಂಗಳೂರಿನಲ್ಲಿದ್ದಾರೆ. ಮೊಮ್ಮಗಳಿಗೆ ಆಗ ಒಂದೂವರೆ ವರ್ಷ, ಹಿಡಿದದ್ದೆಲ್ಲ ಎಳೆಯುವ ವಯಸ್ಸು. ಬೇಸಿಗೆಗೆ ಬರುವ ಮಾತು ಬಂದಾಗ ಸೊಸೆ ಫೋನಿನಲ್ಲಿ ಹೇಳಿದಳು: "ಮಾವ, ಬೇಜಾರು ಮಾಡ್ಕೋಬೇಡಿ. ಆ ಗಾಜಿನ ಪೆಟ್ಟಿಗೆ ಹಾಲ್‌ನಲ್ಲಿ ಹಾಗೇ ಬಿಟ್ಟುಕೊಂಡಿರೋವರೆಗೂ ನಾನು ಮಗೂನ ಕರ್ಕೊಂಡು ಬರಲ್ಲ."

ಕಡ್ಡಿ ಮುರಿದ ಹಾಗಿತ್ತು ಮಾತು. ನನ್ನ ಮಗ ಸುಮ್ಮನಿದ್ದ. ನನ್ನಾಕೆಯಂತೂ ನನ್ನ ಮುಖವನ್ನೇ ನೋಡ್ತಾ ನಿಂತಳು. ಅವಳ ಕಣ್ಣಿನಲ್ಲಿ ಒಂದೇ ಪ್ರಶ್ನೆ: ಮಗುವೋ, ಒಲೆಯೋ?

ಸೊಸೆ ಹೇಳಿದ್ದರಲ್ಲಿ ಒಂದಕ್ಷರ ತಳ್ಳಿಹಾಕುವ ಹಾಗಿರಲಿಲ್ಲ. ಮಿಣಮಿಣ ಅನ್ನುವ ದೀಪ ಕಂಡರೆ ಮಗು ಕೈ ಚಾಚದೆ ಇರುತ್ತಾ? ಮುಟ್ಟಿದರೆ ಸುಡುತ್ತೆ. ಎಳೆದರೆ ಇಪ್ಪತ್ತು ಕಿಲೋ ಕಬ್ಬಿಣ ಮೈಮೇಲೆ. ಗಾಜು ಒಡೆದರೆ ಒಳಗಿನ ಲೋಹ ಬೆತ್ತಲೆ. ಮಾರನೇ ದಿನವೇ ವೆಲ್ಡಿಂಗ್ ಅಂಗಡಿಯಲ್ಲಿ ಉಕ್ಕಿನ ಜಾಲರಿಯ ಪಂಜರ ಹೇಳಿಮಾಡಿಸಿದೆ, ಬೆರಳು ತೂರದಷ್ಟು ಕಿರಿದು ಕಣ್ಣಿನದು. ಆರು ಸ್ಕ್ರೂ ಹಾಕಿ ಬಿಗಿದು, ಚಾಸಿಗೆ ಅರ್ಥಿಂಗ್ ಸರಿಯಾಗಿದೆಯೇ ಅಂತ ಪರೀಕ್ಷೆ ಮಾಡಿಸಿದೆ. ಮರದ ಕಪಾಟಿನ ಮೇಲಿದ್ದದ್ದನ್ನು ಗೋಡೆಗೆ ಬಿಗಿದ ಕಲ್ಲಿನ ಹಲಗೆಯ ಮೇಲೆ, ಎದೆಯೆತ್ತರಕ್ಕೆ ಏರಿಸಿದೆ. ಅದರ ಮೇಲೂ ಒಂದು ನಿಯಮ: ಮಗು ಮನೆಯಲ್ಲಿರುವಷ್ಟು ದಿನ ಸ್ವಿಚ್ಚೇ ಹಾಕೋದಿಲ್ಲ. ಪ್ಲಗ್ ಕಿತ್ತು ಬೀರುವಿನೊಳಗೆ. ಅವಳು ಬಂದರೆ ಒಂದು ತಿಂಗಳು ಮೊಬೈಲಿನಲ್ಲೇ ಹಾಡು. ಆ ತಿಂಗಳಲ್ಲಿ ನನಗೆ ಹಾಡು ಕಡಿಮೆಯಾಯ್ತು ಅಂತ ಯಾವತ್ತೂ ಅನ್ನಿಸಿಲ್ಲ ಅನ್ನೋದು ಬೇರೆ ಮಾತು.

ಪಂಜರ ಹಾಕಿದ ಮೇಲೆ ಕಿತ್ತಳೆ ಕುಡಿಯ ಚೆಂದ ಅರ್ಧ ಹೋಯ್ತು. ಹೋಗಲಿ! ಪುಟ್ಟ ಮಕ್ಕಳಿರುವ ಮನೆಯವರಿಗೆ, ಬೆಕ್ಕು ಸಾಕಿರುವವರಿಗೆ ನಾನು ಬಿಡಿಸಿ ಹೇಳೋದು ಇಷ್ಟೇ. ಜಾಲರಿ ಇಲ್ಲದೆ ಬೆತ್ತಲೆ ವಾಲ್ವಿನ ಪೆಟ್ಟಿಗೆ ಬೇಡ. ಉರಿಯುತ್ತಿರುವಾಗ ಅದನ್ನು ಒಂಟಿಯಾಗಿ ಬಿಟ್ಟು ಪೇಟೆಗೆ ಹೋಗೋದಂತೂ ಬೇಡವೇ ಬೇಡ.

ಗುಂಯ್... ಟಂಯ್...

ಇನ್ನು ಚಿಲ್ಲರೆ ಉಪದ್ರವಗಳು. ಮೊದಲನೇದು ಗುಂಯ್ಗುಡುವಿಕೆ. ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಸಲ ತಿರುಗುತ್ತೆ. ಡಿಸಿ ಮಾಡಿದ ಮೇಲೂ ಅದರ ಇಮ್ಮಡಿ, ನೂರರ ಗುಂಯ್ಕಾರ, ಸ್ವಲ್ಪ ಉಳಿದುಬಿಡುತ್ತೆ. ಕಂಡೆನ್ಸರ್ ಒಣಗಿದರೆ ಹೆಚ್ಚಾಗುತ್ತೆ. ಅರ್ಥ್ ತಂತಿ ಎರಡು ಕಡೆ ಸುತ್ತು ಹಾಕಿಕೊಂಡರೆ ಇನ್ನೂ ಹೆಚ್ಚು. ಹಾಡು ನಡೆಯುವಾಗ ಗೊತ್ತಾಗಲ್ಲ. ಗಾಯಕರು ಉಸಿರು ತಗೊಳ್ಳುವ ಆ ಒಂದು ಕ್ಷಣದಲ್ಲಿ ದುಂಬಿ ಹೊಕ್ಕ ಹಾಗೆ ಕೇಳಿಸುತ್ತೆ.

ಎರಡನೇದು, ವಾಲ್ವಿಗೆ ಕಿವಿ ಉಂಟು! ಒಳಗಿನ ಸಣ್ಣ ಜಾಲರಿ ಸಡಿಲವಾದರೆ, ಪಕ್ಕದಲ್ಲಿ ಯಾರಾದರೂ ದಡದಡ ನಡೆದರೂ ಆ ಅದುರುವಿಕೆಯನ್ನು ಹಿಡಿದು ಸ್ಪೀಕರಿನಲ್ಲಿ ಟಂಯ್ ಅನ್ನಿಸುತ್ತೆ. ಒಳಗೆ ಒಗ್ಗರಣೆಗೆ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಜಜ್ಜಿದರೆ ಹಾಲಿನಲ್ಲಿ ಜಿ.ಕೆ. ವೆಂಕಟೇಶರ ವಾದ್ಯವೃಂದಕ್ಕೆ ಇನ್ನೊಂದು ತಾಳವಾದ್ಯ ಸೇರಿಕೊಳ್ಳುತ್ತೆ.

ಮೂರನೇದು, ವೋಲ್ಟೇಜಿನ ಏರಿಳಿತ. ಸಂಜೆ ಇಳಿಯುತ್ತೆ, ರಾತ್ರಿ ಏರುತ್ತೆ. ಏರಿದರೆ ವಾಲ್ವಿನ ಆಯಸ್ಸು ಇಳಿಯುತ್ತೆ. ಸ್ಟೆಬಿಲೈಜರ್ ಇಡಬೇಕು. ಅದೂ ಟಕ್ ಟಕ್ ಅನ್ನುತ್ತೆ. ಮಧ್ಯೆ ಕರೆಂಟು ಹೋಗಿ ಬಂದರೆ ಮತ್ತೆ ಕಾಯಿಸಬೇಕು, ದನಿ ಹದಕ್ಕೆ ಬರೋಕೆ ಹದಿನೈದು ಇಪ್ಪತ್ತು ನಿಮಿಷ. ಒಂದು ಇಪಿ ತಟ್ಟೆಯ ನಾಲ್ಕು ಹಾಡು ಅಷ್ಟರೊಳಗೆ ಮುಗಿದೇ ಹೋಗಿರುತ್ತೆ!

ಹಾಗಾದರೆ ದನಿ ನಿಜವಾಗಲೂ ಚೆನ್ನವೇ?

ಈ ಪ್ರಶ್ನೆ ಬಿಟ್ಟುಬಿಟ್ಟರೆ ಓದುಗರು ನನ್ನನ್ನು ಬಿಡೋದಿಲ್ಲ. ಮೀಟರ್ ಇಟ್ಟು ಅಳೆದರೆ ಇಂದಿನ ಸಾಧಾರಣ ಬೆಲೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರೇ ಗೆಲ್ಲುತ್ತೆ. ಗದ್ದಲ ಕಡಿಮೆ, ವಿಕೃತಿ ಕಡಿಮೆ. ವಾಲ್ವಿನದು ದನಿಗೆ ತನ್ನದೇ ಸ್ವಲ್ಪ ಬಣ್ಣ ಬಳಿಯುತ್ತೆ. ಬಲ ಮೀರಿದಾಗ ಟ್ರಾನ್ಸಿಸ್ಟರ್ ಚಾಕುವಿನಲ್ಲಿ ಕೊಯ್ದ ಹಾಗೆ ದನಿಯ ತಲೆ ಕತ್ತರಿಸುತ್ತೆ. ವಾಲ್ವು ಕೈಯಲ್ಲಿ ಸವರಿದ ಹಾಗೆ ಮೆಲ್ಲಗೆ ದುಂಡಾಗಿಸುತ್ತೆ. ಸ್ಪೀಕರನ್ನು ಹಿಡಿದಿಡುವ ಬಿಗಿಯೂ ಸ್ವಲ್ಪ ಕಡಿಮೆ. ಅದಕ್ಕೇ ಕೆಳಸ್ವರ ಕೊಂಚ ಉಬ್ಬಿ, ದನಿ ದಪ್ಪವಾಗಿ, ತುಂಬಿದ ಹಾಗೆ ಕೇಳಿಸುತ್ತೆ. ಇದನ್ನೇ ಜನ ಬೆಚ್ಚಗಿನ ದನಿ ಅಂತಾರೆ.

ಒಂದು ಭಾನುವಾರ ನಮ್ಮನೇಲಿ ಪರೀಕ್ಷೆಯೇ ನಡೀತು. ಮಗ ತನ್ನ ಅಂಗೈಯಗಲದ ಆಂಪ್ಲಿಫೈಯರ್ ತಂದ. ಅದೇ ಸ್ಪೀಕರು, ಅದೇ 'ಗಂಧದ ಗುಡಿ'ಯ ಹಾಡು, ಸದ್ದು ಸಮ ಮಾಡಿ, ನಾನು ಬೆನ್ನು ತಿರುಗಿಸಿ ಕೂತೆ. ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದೆ. ಆರು! ಕಣ್ಣುಮುಚ್ಚಿ ನಾಣ್ಯ ಚಿಮ್ಮಿ ಹೇಳಿದ್ದರೂ ಐದು ಬರ್ತಿತ್ತು. ಮೆಲ್ಲಗೆ ಹಾಡುವಾಗ ವ್ಯತ್ಯಾಸ ಅಷ್ಟು ಸಣ್ಣದು ಸ್ವಾಮೀ. ಸವೆದ ತಟ್ಟೆಯಲ್ಲಿ, ಸೋರಿಹೋದ ಮೊಬೈಲ್ ಫೈಲಿನಲ್ಲಿ ಇಲ್ಲದ ಹಾಡನ್ನು ಯಾವ ವಾಲ್ವೂ ಹುಟ್ಟಿಸಿಕೊಡೋದಿಲ್ಲ.

ಹಾಗಿದ್ದರೂ ಯಾಕೆ ಇಟ್ಟುಕೊಂಡಿದ್ದೀಯ ಅಂತ ಕೇಳ್ತೀರಿ. ಸಂಜೆ ಸ್ವಿಚ್ ಹಾಕಿ, ಅದು ಕಾಯುವವರೆಗೆ ಕಾದು, ತಟ್ಟೆ ಒರೆಸಿ ಇಟ್ಟು, ಬೇರೇನೂ ಮಾಡದೆ ಕೂತು ಕೇಳ್ತೀನಲ್ಲ, ಆ ಒಂದು ಗಂಟೆಯ ಆಸೆಗೆ. ಮೊಬೈಲಿನಲ್ಲಿ ಹಾಡು ಹಾಕಿದರೆ ಹಲ್ಲುಜ್ಜುತ್ತಲೂ ಕೇಳ್ತೀನಿ, ಆದರೆ ಕೂತು ಕೇಳೋದಿಲ್ಲ. ಅದಕ್ಕೆ ಇಷ್ಟೆಲ್ಲ ಖರ್ಚು, ಭಯ ಬೇಕೇ ಅಂತ ಪ್ರತಿಯೊಬ್ಬರೂ ತಮ್ಮ ಲೆಕ್ಕ ತಾವು ಹಾಕಿಕೊಳ್ಳಬೇಕು.

ಕೊನೆಯ ಕಷ್ಟವೇ ದೊಡ್ಡ ಕಷ್ಟ

ಇದನ್ನು ಕಟ್ಟಿದ ಮೆಕ್ಯಾನಿಕ್ ಯಜಮಾನರಿಗೆ ಈಗ ಎಪ್ಪತ್ತೆಂಟು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ. ಬೆಸುಗೆ ಹಾಕುವಾಗ ಕೈ ನಡುಗುತ್ತೆ. ನಾನೂರು ವೋಲ್ಟಿನ ಮೇಲೆ ನಡುಗುವ ಕೈ! ನೋಡೋಕಾಗಲ್ಲ. ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಒಳ್ಳೇ ವ್ಯಾಪಾರ. ವಾಲ್ವ್ ಬಿಚ್ಚುವುದನ್ನು ಅವನು ಕಲಿಯಲಿಲ್ಲ, ಕಲಿಯುವ ಕಾರಣವೂ ಅವನಿಗಿಲ್ಲ. ಊರಿನಲ್ಲಿ ಇನ್ನೊಬ್ಬರು ಇದ್ದರು, ಈಗಿಲ್ಲ.

ಹೋದ ಸಲ ಬಯಾಸ್ ನೋಡೋಕೆ ಬಂದಾಗ ಯಜಮಾನರು ಮೀಟರನ್ನು ನನ್ನ ಕೈಗೆ ಕೊಟ್ಟು, "ನೀವು ಓದಿ ಹೇಳಿ ಸ್ವಾಮಿ, ನಾನು ಸ್ಕ್ರೂ ತಿರುಗಿಸ್ತೀನಿ" ಅಂದರು. ನಾನು ಅಂಕಿ ಓದಿದೆ, ಅವರು ತಿರುಗಿಸಿದರು. ನಾಲ್ಕೂ ಮುಗಿಯೋಕೆ ಒಂದು ಗಂಟೆ ಹಿಡೀತು. ಕಾಫಿ ಕುಡಿದು ಏಳುವಾಗ ಹೇಳಿದರು: "ನಾನಿಲ್ಲದ ಕಾಲಕ್ಕೆ ಗೊತ್ತಿಲ್ಲದವರ ಕೈಗೆ ಇದನ್ನ ಬಿಚ್ಚೋಕೆ ಕೊಡಬೇಡಿ. ಸುಮ್ಮನೆ ಆರಿಸಿ ಇಟ್ಟುಬಿಡಿ. ಚೆಂದಕ್ಕೆ ಇರ್ಲಿ."

"ನಿಮಗೇನಾಗುತ್ತೆ ಯಜಮಾನ್ರೇ, ಇನ್ನೂ ಹತ್ತು ವರ್ಷ ನೀವೇ ಬರ್ತೀರಿ" ಅಂದೆ. ಅವರು ನಕ್ಕರು. ಇಬ್ಬರಿಗೂ ಲೆಕ್ಕ ಬರುತ್ತೆ.

ಆದ್ದರಿಂದ, ಕೊಳ್ಳಬೇಕು ಅಂತಿರುವ ತಮ್ಮಂದಿರೇ, ತಂಗಿಯರೇ, ದುಡ್ಡು ಎಣಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮೂರಿನಲ್ಲಿ ಇದನ್ನು ಬಿಚ್ಚಿ ಕಟ್ಟಬಲ್ಲವರು ಇದ್ದಾರೆಯೇ, ಅವರ ವಯಸ್ಸೆಷ್ಟು? ನಿಮ್ಮ ಸ್ಪೀಕರಿನ ಹಿಂದೆ ಎಷ್ಟು ಡೆಸಿಬಲ್ ಅಂತ ಬರೆದಿದೆ? ಎರಡು ವರ್ಷಕ್ಕೊಮ್ಮೆ ನಾಲ್ಕು ವಾಲ್ವಿಗೆ ಸಾವಿರಾರು ರೂಪಾಯಿ ತೆಗೆದಿಡೋಕೆ ಮನೆಯಲ್ಲಿ ಒಪ್ಪಿಗೆ ಇದೆಯೇ? ಮೂರಕ್ಕೂ ಉತ್ತರ ಸಿಕ್ಕಿದರೆ ಖಂಡಿತ ತನ್ನಿ, ಒಂದು ಜಾಲರಿಯನ್ನೂ ಜೊತೆಗೇ ತನ್ನಿ. ಸಿಗದಿದ್ದರೆ ಒಂದು ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತಂದು, ಉಳಿದ ದುಡ್ಡಿಗೆ ತಟ್ಟೆ ಕೊಳ್ಳಿ. ಪಿ.ಬಿ. ಶ್ರೀನಿವಾಸರು ಎರಡರಲ್ಲೂ ಅಷ್ಟೇ ಚೆನ್ನಾಗಿ ಹಾಡ್ತಾರೆ.

ನನ್ನ ಪೆಟ್ಟಿಗೆಗೆ ಒಂದು ವ್ಯವಸ್ಥೆ ಮಾಡಿದ್ದಾಗಿದೆ. ಯಜಮಾನರ ಹತ್ತಿರ ಕೂತು ಒಂದು ಹಾಳೆ ಬರೆಸಿಕೊಂಡೆ: ಯಾವ ವಾಲ್ವ್ ಎಲ್ಲಿ, ಬಯಾಸ್ ಎಷ್ಟು, ಕಂಡೆನ್ಸರ್ ಯಾವುದು, ಬಿಚ್ಚುವ ಮೊದಲು ಅದನ್ನು ಖಾಲಿ ಮಾಡುವುದು ಹೇಗೆ. ನಡುಗುವ ಕೈಯ ಅಕ್ಷರ, ಆದರೆ ಓದೋಕೆ ಬರುತ್ತೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಪಂಜರಕ್ಕೆ ಕಟ್ಟಿದ್ದೇನೆ. ಎಲ್ಲಕ್ಕಿಂತ ಮೇಲಿನ ಸಾಲು ಕೆಂಪು ಇಂಕಿನಲ್ಲಿದೆ: "ಗೊತ್ತಿಲ್ಲದವರು ಮುಟ್ಟಬಾರದು."